ಗೆರೆಯ ಆಚೆ ಆಡಿದವರು

ಆದವಾನಿ ಸೀಮೆಯ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ ಕೋಟೆಯಿಂದಲೇ ಪ್ರಾರಂಭಿಸುತ್ತಾರೆ. ವಿಜಯನಗರದ ಕಾಲದ ದುರ್ಗ, ಬಿಜಾಪುರದ ಪರವಾಗಿ ಆಳಿದ ಸಿದ್ದಿ ಮಸೂದ್ ಖಾನ್, ನಿಜಾಮ್ ಅಲಿಯ ಸಹೋದರ ಬಸಾಲತ್ ಜಂಗ್, 1786ರ ಟಿಪ್ಪುವಿನ ಮುತ್ತಿಗೆ, 1800ರಲ್ಲಿ ನಿಜಾಮನು ಕುಂಪಣಿ ಸರ್ಕಾರಕ್ಕೆ ಸೀಮೆಯನ್ನು ಬಿಟ್ಟುಕೊಟ್ಟದ್ದು. ಕೋಟೆ ಮುಗಿದ ಮೇಲೆ ದಾಸರು ಬರುತ್ತಾರೆ: ಚಿಪ್ಪಗಿರಿಯ ವಿಜಯದಾಸರು, ತುಂಗಭದ್ರೆಯ ದಡದ ಮಂತ್ರಾಲಯ. ಅದಾದ ಬಳಿಕ ಹತ್ತಿ, ಕಡಲೆಕಾಯಿ, ಜಿನ್ನು, ಪ್ರೆಸ್ಸು. ನಮ್ಮ ಸಂಘದ ಹಿಂದಿನ ಬರಹಗಳನ್ನು ತಿರುವಿದರೂ ಇದೇ ಕ್ರಮ ಕಾಣುತ್ತದೆ. ಇವೆಲ್ಲ ಬೇಕಾದದ್ದೇ. ಆದರೆ ಶಾಲೆಯ ಹಿಂದಿನ ಬಯಲಿಗೂ ಒಂದು ಚರಿತ್ರೆಯುಂಟು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಕಾಲ್ಚೆಂಡಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಆ ಚರಿತ್ರೆ ಕೊನೆಗೆ ಬಂದು ನಿಲ್ಲುವುದು ನಮಗೆಲ್ಲ ಚಿರಪರಿಚಿತವಾದ ವಿಷಯದ ಹತ್ತಿರ: ಗಡಿಯ ಹತ್ತಿರ.

ಕಾಲ್ಚೆಂಡು ಈ ನಾಡಿಗೆ ಬಂದದ್ದು ಎರಡು ಬಾಗಿಲುಗಳಿಂದ. ಒಂದು ಪಲ್ಟನ್ನಿನ ಬಾಗಿಲು, ಇನ್ನೊಂದು ಪಾದ್ರಿಗಳ ಶಾಲೆಯ ಬಾಗಿಲು. ಭೂಪಟವನ್ನು ಬಿಚ್ಚಿ ನೋಡಿದರೆ ನಮ್ಮ ಸೀಮೆಯ ಸುತ್ತ ಮೂರು ದಂಡಿನ ಊರುಗಳು ಕಾಣುತ್ತವೆ: ಪಡುವಣಕ್ಕೆ ಬಳ್ಳಾರಿ, ತೆಂಕಣಕ್ಕೆ ಬೆಂಗಳೂರು, ಈಶಾನ್ಯಕ್ಕೆ ಸಿಕಂದರಾಬಾದು. ಗೋರಾ ಸಿಪಾಯಿಗಳು ಎಲ್ಲಿ ಬೀಡುಬಿಟ್ಟರೋ ಅಲ್ಲಿ ಸಂಜೆಗೊಂದು ಚೆಂಡು ಉರುಳಿತು. ಬೇಲಿಯಾಚೆ ನಿಂತು ನೋಡಿದ ಹುಡುಗರು ಮರುದಿನ ಚಿಂದಿ ಬಟ್ಟೆಯ ಉಂಡೆಯನ್ನೇ ಒದ್ದರು. ಪಾದ್ರಿಗಳ ಬಾಗಿಲೂ ನಮಗೆ ದೂರವಿರಲಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಬೈಬಲ್ಲಿನ ಅನುವಾದ, ಮುದ್ರಣ ಇವುಗಳೊಡನೆ ಅವರ ಹೆಸರು ಸೇರಿಕೊಂಡಿದೆ. ಅದೇ ಮಿಷನ್ ಬಳ್ಳಾರಿಯಲ್ಲಿ ನಡೆಸಿದ ವಾರ್ಡ್‌ಲಾ ಶಾಲೆಯ ಹೆಸರನ್ನು ನಮ್ಮ ಕಡೆಯ ಹಳೆಯ ತಲೆಗಳು ಬಲ್ಲರು.

ಈ ಮಿಷನ್ನಿನ ದಾರವನ್ನು ಹಿಡಿದುಕೊಂಡೇ ಒಮ್ಮೆ ಕಲ್ಕತ್ತೆಗೆ ಹೋಗಿಬರಬೇಕು. 1911ರ ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯಲ್ಲಿ ಮೋಹನ್ ಬಾಗಾನ್ ಎಂಬ ಬಂಗಾಳಿ ತಂಡದ ಮೊದಲ ಎದುರಾಳಿ ಒಂದು ಕಾಲೇಜು ತಂಡವೇ: ಸೇಂಟ್ ಝೇವಿಯರ್ಸ್. ಅದನ್ನು 3–0ರಿಂದ ಸೋಲಿಸಿ ಮುಂದೆ ನಡೆದು, ಕೊನೆಗೆ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನಿನ ಮೇಲೆ 2–1ರಿಂದ ಗೆದ್ದಿತು. ಗೆದ್ದ ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಿನವರು. ಬೂಟು ತೊಟ್ಟಿದ್ದ ಒಬ್ಬರೇ ಒಬ್ಬರು ಪಾದ್ರಿ ಸುಧೀರ್ ಚಟರ್ಜಿ. ಅವರು ಭವಾನೀಪುರದ ಲಂಡನ್ ಮಿಷನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಬಳ್ಳಾರಿಯ ಶಾಲೆಗೂ ಭವಾನೀಪುರದ ಕಾಲೇಜಿಗೂ ಹಣ ಬರುತ್ತಿದ್ದುದು ಒಂದೇ ಸಂಸ್ಥೆಯಿಂದ. ಬಂಗದ ವಿಭಜನೆಯ ಕಾವು ಇನ್ನೂ ಆರದ ದಿನಗಳಲ್ಲಿ ಆ ಗೆಲುವು ಕೇವಲ ಆಟವಾಗಿ ಉಳಿಯಲಿಲ್ಲವೆಂಬುದನ್ನು ಎಲ್ಲರೂ ಬರೆದಿದ್ದಾರೆ. ನಾವು ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಒಂದು ತಂಡ ಕಟ್ಟಲು ಅರಮನೆ ಬೇಕಾಗಿಲ್ಲ, ಹನ್ನೊಂದು ಜನ ಸೇರುವ ಒಂದು ತಾಣ, ಒಂದು ಬಯಲು, ಒಬ್ಬ ಉತ್ಸಾಹಿ ಮೇಷ್ಟರು ಸಾಕು.

ನಮ್ಮ ಕಡೆ ಕೊರತೆಯಾದದ್ದು ಆ ತಾಣವೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆದವಾನಿ, ಆಲೂರು ತಾಲೂಕುಗಳ ಹುಡುಗ ಮೇಲಿನ ಓದಿಗೆ ಊರು ಬಿಡಲೇಬೇಕಿತ್ತು. ಮದರಾಸಿಗೆ ಹೋಗಬೇಕು, ಇಲ್ಲವೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. 1916ರಲ್ಲಿ ಅನಂತಪುರದಲ್ಲಿ ದತ್ತ ಮಂಡಲ ಕಾಲೇಜು ತೆರೆದ ಮೇಲೆ ದಾರಿ ಸ್ವಲ್ಪ ಹತ್ತಿರವಾಯಿತು. 'ದತ್ತ ಮಂಡಲ' ಎಂಬ ಹೆಸರನ್ನು ಇಂದಿನ ಮಕ್ಕಳು ಕೇಳಿರಲಾರರು. ನಿಜಾಮನು ಕೊಟ್ಟ ಸೀಮೆ ಎಂಬುದು ಅದರ ಅರ್ಥ. ಮನುಷ್ಯರಿರುವ ನಾಡನ್ನು 'ಕೊಟ್ಟದ್ದು' ಎಂದು ಕರೆಯುವ ಪದ್ಧತಿ ಅಂದಿಗೇ ಮುಗಿಯಲಿಲ್ಲವೆನ್ನಿ. ಮುಂದೆ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಪ್ರಾರಂಭಿಸಿದರು. ಬಾಯಲ್ಲಿ ಸೀಟಿ ಕಚ್ಚಿಕೊಂಡು, ಸುಣ್ಣದ ಗೆರೆ ಎಳೆದು, ಆಟಕ್ಕೂ ನಿಯಮವುಂಟೆಂದು ಕಲಿಸುವ ಹೊಸ ಬಗೆಯ ಡ್ರಿಲ್ ಮಾಸ್ತರರು ತಯಾರಾದದ್ದು ಅಂಥ ಶಾಲೆಯಲ್ಲಿ.

ಅದಕ್ಕೂ ಮೊದಲು ಊರಿನಲ್ಲಿ ಆಟವಿರಲಿಲ್ಲವೆಂದಲ್ಲ. ಗರಡಿಯಿತ್ತು, ಕುಸ್ತಿಯಿತ್ತು, ಗುಂಡು ಎತ್ತುವ ಪಂತವಿತ್ತು, ಚಿಣ್ಣಿಕೋಲಿತ್ತು. ಆದರೆ ಕಾಲ್ಚೆಂಡಿಗೆ ನಮ್ಮ ನೆಲವೇ ಅಷ್ಟಾಗಿ ಒಲಿಯುವುದಿಲ್ಲ. ಎರೆಯ ಹೊಲ ಬೇಸಿಗೆಯಲ್ಲಿ ಅಂಗೈಯಗಲ ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಹೆಜ್ಜೆಗೊಂದು ಮುದ್ದೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಬೂಟು ಹಾಕಿದವನೂ ಬರಿಗಾಲಿನವನೂ ಅಲ್ಲಿ ಒಂದೇ. ಅಂದಿನ ಚೆಂಡೂ ಇಂದಿನದರಂತಲ್ಲ: ತೊಗಲಿನ ಹೊದಿಕೆಯೊಳಗೆ ರಬ್ಬರಿನ ಬ್ಲಾಡರು, ಅದಕ್ಕೆ ಗಾಳಿ ತುಂಬಿ ಬಾಯಿಯನ್ನು ತೊಗಲಿನ ದಾರದಿಂದ ಬಿಗಿದು ಹೊಲಿಯಬೇಕು. ನೆನೆದರೆ ಕಲ್ಲಿನಷ್ಟು ಭಾರ. ಹೊಲಿಗೆಯ ಬದಿಗೆ ಹಣೆಯೊಡ್ಡಿದವನಿಗೆ ಗಾಯ ಖಂಡಿತ. ಮಸಾರಿ ನೆಲದ ಊರುಗಳಿಗೂ ಬೆಂಗಳೂರಿನ ಕೆಂಪು ಮಣ್ಣಿನ ಮೈದಾನಗಳಿಗೂ ಈ ಆಟ ಬೇಗ ಹೊಂದಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಈಗ ಬೆಂಗಳೂರಿಗೆ ಬರೋಣ. ನಾವು ಹೇಳಹೊರಟ ತಂಡ ಅಲ್ಲಿಯದು. ಆ ಊರಿನ ನಡುವೆ ಇದ್ದ ಒಂದು ಗೆರೆಯನ್ನು ಮೊದಲು ತಿಳಿಯದೆ ಆ ತಂಡದ ಕಥೆ ತಿಳಿಯದು.

1809ರಲ್ಲಿ ಬ್ರಿಟಿಷರು ಪೇಟೆಯ ಮೂಡಣ ದಿಕ್ಕಿಗೆ ದಂಡನ್ನು ಸ್ಥಾಪಿಸಿದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ತಮ್ಮಲ್ಲೇ ಇಟ್ಟುಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಅದರ ಹೆಸರು. ಹೀಗಾಗಿ ಒಂದೇ ಊರಿನಲ್ಲಿ ಎರಡು ಆಡಳಿತ. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ ಪೇಟೆ: ಕನ್ನಡ, ತೆಲುಗು, ಮಹಾರಾಜರ ಸರ್ಕಾರ. ಪೂರ್ವಕ್ಕೆ ದಂಡು: ತಮಿಳು, ಉರ್ದು, ಇಂಗ್ಲಿಷು, ರೆಸಿಡೆಂಟರ ಸರ್ಕಾರ. ಪಲ್ಟನ್ನಿನ ಹಿಂದೆಯೇ ಬಂದ ಅಡಿಗೆಯವರು, ದರ್ಜಿಗಳು, ಕುದುರೆ ಲಾಯದವರು, ಕಟ್ಟಡ ಕೆಲಸದವರು, ಸಣ್ಣ ವ್ಯಾಪಾರಿಗಳು, ಇವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ನೆಲೆಸಿದರು. ಮೈಸೂರಿನ ಕಾಗದಪತ್ರಗಳ ಲೆಕ್ಕದಲ್ಲಿ ಅವರು ಸಂಸ್ಥಾನದ ಪ್ರಜೆಗಳಲ್ಲ, ಮದರಾಸಿನವರೂ ಅಲ್ಲ. ಕನ್ನಡ ಪುಸ್ತಕಗಳಲ್ಲಿ ಅವರ ಸುಳಿವು ವಿರಳ. ಕಾಲ್ಚೆಂಡು ಬೇರೂರಿದ್ದು ಇವರ ಕೇರಿಗಳಲ್ಲಿ. ಹಲಸೂರು, ಆಸ್ಟಿನ್ ಟೌನ್, ಗೌತಮಪುರಗಳ ಕಡೆ ಇಂದಿಗೂ ಹೋಗಿ ನೋಡಬಹುದು. ಕ್ರಿಕೆಟ್ಟಿನ ಅಬ್ಬರದ ನಡುವೆಯೂ ಅಲ್ಲಿ ಚೆಂಡು ಕಾಲಿನಲ್ಲೇ ಇದೆ.

ಆ ಕೇರಿಗಳಿಂದ ಎದ್ದ ತಂಡಗಳಲ್ಲಿ ಒಂದು ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಅದು ರೋವರ್ಸ್ ಕಪ್ಪಿಗಾಗಿ ಮುಂಬಯಿಗೆ ಹೋಯಿತು. ಮುಂಬಯಿಯೆಂದರೆ ನಮ್ಮ ಸೀಮೆಗೆ ಹತ್ತಿ ಗಿರಣಿಗಳ ಊರು. 1871ರಲ್ಲಿ ರಾಯಚೂರಿನಲ್ಲಿ ಎರಡು ಕಂಪನಿಗಳ ಹಳಿಗಳು ಕೂಡಿದಂದಿನಿಂದ ಆದವಾನಿ ಆ ಊರಿನ ದಾರಿಯ ಮೇಲೆಯೇ ಇದೆ. ರೋವರ್ಸ್ ಪಂದ್ಯಾವಳಿ ಪ್ರಾರಂಭವಾದದ್ದು 1891ರಲ್ಲಿ. ಮೊದಲ ವರ್ಷ ಗೆದ್ದದ್ದು ವೂಸ್ಟರ್‌ಷೈರ್ ಪಲ್ಟನ್ನು. ಅಲ್ಲಿಂದ 1936ರವರೆಗೆ ಯಾವೊಂದು ಭಾರತೀಯ ತಂಡವೂ ಅದನ್ನು ಮುಟ್ಟಲಿಲ್ಲ. 1911ರ ವೀರರಾದ ಮೋಹನ್ ಬಾಗಾನ್ ತಂಡ 1923ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಡರ್ಹ್ಯಾಮ್ ಲೈಟ್ ಇನ್‌ಫೆಂಟ್ರಿಯ ಎದುರು 1–4ರಿಂದ ಸೋತು ಬಂದಿತ್ತು. ಶೀಲ್ಡ್ ಗೆದ್ದವರಿಗೂ ದಕ್ಕದ ಕಪ್ಪು ಅದು.

1937ರ ಅಂತಿಮ ಪಂದ್ಯದಲ್ಲಿ ಬೆಂಗಳೂರಿನವರ ಎದುರಿಗೆ ನಿಂತದ್ದು ಪಲ್ಟನ್ನಲ್ಲ, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಆ ಕಾಲದಲ್ಲಿ ದೇಶದಲ್ಲೇ ಅದಕ್ಕೆ ಸಮನಾದ ಭಾರತೀಯ ತಂಡವಿರಲಿಲ್ಲವೆಂದರೆ ತಪ್ಪಾಗದು. 1934ರಿಂದ ಕಲ್ಕತ್ತೆಯ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಾ ಬಂದಿತ್ತು. 1936ರಲ್ಲಿ ಲೀಗಿನೊಡನೆ ಶೀಲ್ಡನ್ನೂ ಗೆದ್ದಿತ್ತು. ಮಳೆಯ ಕೆಸರಿನಲ್ಲಿ ಬರಿಗಾಲು ಜಾರುತ್ತದೆಂದು ಅರಿತು ತನ್ನ ಆಟಗಾರರಿಗೆ ಬೂಟು ಹಾಕಿಸಿತ್ತು. ಊರೂರಿನಿಂದ ಒಳ್ಳೆಯ ಆಟಗಾರರನ್ನು ಹುಡುಕಿ ತರುವ ಪದ್ಧತಿಯನ್ನೂ ಬೆಳೆಸಿತ್ತು. ಹಾಗೆ ಹುಡುಕುವವರ ಕಣ್ಣು ಬೆಂಗಳೂರಿನ ಮೇಲೆಯೂ ಇತ್ತು. ಇಂಥ ತಂಡವನ್ನು ಬೆಂಗಳೂರು ಮುಸ್ಲಿಮ್ಸ್ 1–0ರಿಂದ ಸೋಲಿಸಿತು. ನಲವತ್ತಾರು ವರ್ಷಗಳ ಕಾಲ ಪಲ್ಟನ್ನುಗಳ ಕೈಯಲ್ಲೇ ಇದ್ದ ಕಪ್ಪು ಮೊದಲ ಬಾರಿಗೆ ಭಾರತೀಯ ತಂಡಕ್ಕೆ ಬಂದಿತು, ಅದೂ ಕನ್ನಡ ನಾಡಿನ ರಾಜಧಾನಿಗೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದೂ ಅದೇ 1937ರಲ್ಲಿ.

ಒಂದು ಗೆಲುವನ್ನು ಅದೃಷ್ಟವೆನ್ನುವವರು ಇರುತ್ತಾರೆ. ಭಾರತೀಯರು ಭಾರತೀಯರನ್ನೇ ಸೋಲಿಸಿದ್ದರಲ್ಲಿ ಏನು ಹೆಚ್ಚೆನ್ನುವವರೂ ಇದ್ದಾರು. ಅವರಿಗೆ ಉತ್ತರ ಮರುವರ್ಷವೇ ಸಿಕ್ಕಿತು. 1938ರ ಅಂತಿಮ ಪಂದ್ಯದಲ್ಲಿ ಎದುರಾದದ್ದು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್, ಸ್ಕಾಟ್ಲೆಂಡಿನ ಪಲ್ಟನ್ನು. ಫಲಿತಾಂಶ 3–2, ಕಪ್ಪು ಬೆಂಗಳೂರಿನಲ್ಲೇ ಉಳಿಯಿತು. ನಮ್ಮ ಮಟ್ಟಿಗೆ ಇದು ಮೊದಲನೆಯದಕ್ಕಿಂತ ದೊಡ್ಡ ಗೆಲುವು. ಮೊದಲ ವರ್ಷ ಯಾರೂ ಎಣಿಸದೆ ಬಂದು ಗೆಲ್ಲಬಹುದು; ಎರಡನೆಯ ವರ್ಷ ಎಲ್ಲರೂ ಕಾದು ಕುಳಿತಿರುತ್ತಾರೆ. ಸೋತರೆ ಅಂದೇ ಮನೆಗೆ ಹೊರಡಬೇಕಾದ ಪಂದ್ಯಾವಳಿಯಲ್ಲಿ ಒಂದು ಕೆಟ್ಟ ಸಂಜೆ ಸಾಕು, ವರ್ಷದ ಶ್ರಮವೆಲ್ಲ ನೀರಿನಲ್ಲಿ ಹೋಮ. 1940ರಲ್ಲಿ ಅದೇ ಎರಡು ತಂಡಗಳು ಮತ್ತೆ ಅಂತಿಮ ಪಂದ್ಯದಲ್ಲಿ ಎದುರಾದವು. ಆ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ 1–0ರಿಂದ ಗೆದ್ದು ಹಳೆಯ ಸಾಲವನ್ನು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿ ಮೂರನೆಯ ಬಾರಿ ಕಪ್ಪನ್ನು ತಂದಿತು.

ಅದೇ 1948ರ ಜುಲೈ 31ರಂದು ಲಂಡನ್ನಿನ ಹತ್ತಿರದ ಇಲ್‌ಫರ್ಡಿನಲ್ಲಿ ಸ್ವತಂತ್ರ ಭಾರತದ ತಂಡ ಒಲಿಂಪಿಕ್ ಪಂದ್ಯವಾಡಿತು. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಉತ್ತರಾರ್ಧದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಆಟ ಮುಗಿಯಲು ಕ್ಷಣಗಳಿರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಆ ದಿನ ರಾಮನ್ ಹೊಡೆದದ್ದು ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟಮೊದಲ ಗೋಲು. ನಾಲ್ಕು ವರ್ಷಗಳ ನಂತರ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ಎದುರು ನಮ್ಮ ತಂಡ 1–10ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್, 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಪಳಗಿದವರು. ಹಾಗಾಗಿ 1956ರ ಮೆಲ್ಬರ್ನ್ ಒಲಿಂಪಿಕ್ಸಿನವರೆಗೆ ಭಾರತದ ಲೆಕ್ಕದಲ್ಲಿದ್ದದ್ದು ಎರಡೇ ಗೋಲುಗಳು. ಎರಡೂ ಬೆಂಗಳೂರಿನ ಕಾಲುಗಳಿಂದ ಬಂದವು. ನಮ್ಮ ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಈ ಸಂಗತಿಯನ್ನು ಅಚ್ಚುಹಾಕಿದವರು ಕಡಿಮೆ.

ಅಹ್ಮದ್ ಖಾನರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಯ ಐವರು ಮುಂಪಡೆಯವರನ್ನು ಜನ ಪಂಚಪಾಂಡವರೆಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಇವರಲ್ಲಿ ಧನರಾಜರೂ ಬೆಂಗಳೂರಿನವರೇ. ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮನೆಮಾತು ಒಬ್ಬೊಬ್ಬರದು ಒಂದೊಂದು. ಬಂಗಾಳದ ಜನ ಇವರಿಗೆ ಮಹಾಭಾರತದ ಹೆಸರು ಕೊಟ್ಟು ತಮ್ಮವರನ್ನಾಗಿ ಮಾಡಿಕೊಂಡರು. 1949, 1950, 1951, ಮೂರು ವರ್ಷ ಬೆನ್ನುಬೆನ್ನಿಗೆ ಶೀಲ್ಡ್ ಗೆದ್ದ ತಂಡ ಅದು. ಬೆಂಗಳೂರಿನಲ್ಲಿ ಇವರನ್ನು ಕನ್ನಡಿಗರೆಂದು ಎಣಿಸಿದ್ದಾರೆಯೇ? ಮನೆಯಲ್ಲಿ ಯಾವ ಮಾತಾಡುತ್ತಾರೆಂದು ಕೇಳಿ ನಾಡಿನವರ ಪಟ್ಟಿ ಮಾಡುವ ಅಭ್ಯಾಸ ನಮ್ಮಲ್ಲೂ ಉಂಟು. ಗಡಿಯ ಜನರಾದ ನಮಗೆ ಆ ಪ್ರಶ್ನೆ ಹೇಗೆ ಚುಚ್ಚುತ್ತದೆಂಬುದು ಗೊತ್ತು. ಕರ್ನೂಲಿನಲ್ಲಿ ನಮ್ಮನ್ನು ಕನ್ನಡದವರೆನ್ನುತ್ತಾರೆ, ಬಳ್ಳಾರಿಗೆ ಹೋದರೆ ಆಂಧ್ರದವರೆನ್ನುತ್ತಾರೆ.

ಇಲ್ಲಿ ಎರಡು ಗೆರೆಗಳ ಕಥೆ ಒಂದನ್ನೊಂದು ದಾಟಿಹೋಗುತ್ತದೆ. ಬೆಂಗಳೂರಿನ ನಡುವಿನ ಗೆರೆ 1947ರಲ್ಲಿ ಅಳಿಸಿತು; ದಂಡಿನ ಪ್ರದೇಶ ಮೈಸೂರಿಗೆ ಸೇರಿತು, 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದು ನಗರಸಭೆಯಾಯಿತು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ 1946–47ರಲ್ಲಿ ಒಮ್ಮೆ, 1952–53ರಲ್ಲಿ ಇನ್ನೊಮ್ಮೆ ಬಂಗಾಳವನ್ನು ಸೋಲಿಸಿ ಗೆದ್ದಿತು. ಎರಡನೆಯ ಗೆಲುವಿನ ಹೊತ್ತಿಗೆ ಇತ್ತ ನಮ್ಮ ಗೆರೆಯನ್ನು ಎಳೆಯುವ ಕೆಲಸ ನಡೆದಿತ್ತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ತೀರಿಕೊಂಡರು. ಆಂಧ್ರ ರಾಜ್ಯದ ಘೋಷಣೆಯಾಯಿತು. ಬಳ್ಳಾರಿ ಜಿಲ್ಲೆಯನ್ನು ಹಂಚುವ ಪ್ರಶ್ನೆ ಎದ್ದಿತು. ಬಳ್ಳಾರಿ ತಾಲೂಕಿನ ಬಗ್ಗೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರರ ವಿಚಾರಣೆ ನಡೆದು ಅದು ಮೈಸೂರಿಗೆ ಉಳಿಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋದವು. ಆದವಾನಿ, ಆಲೂರುಗಳನ್ನು ಕರ್ನೂಲಿಗೂ ರಾಯದುರ್ಗವನ್ನು ಅನಂತಪುರಕ್ಕೂ ಸೇರಿಸಿದರು. ದಂಡಿನ ತಮಿಳು, ಉರ್ದು ಮನೆಗಳು ಒಳಗೆ ಬಂದ ಆರೇ ವರ್ಷಗಳಲ್ಲಿ ಹೊಳಗುಂದ, ಹಾಲಹರ್ವಿ, ಕೌತಾಳಗಳ ಕನ್ನಡ ಮನೆಗಳು ಹೊರಗುಳಿದವು.

ಆಟದ ಬಯಲಿನಲ್ಲಿ ಇದರ ಪರಿಣಾಮ ತಕ್ಷಣ ಕಂಡದ್ದು ಎದುರಾಳಿಯ ಹೆಸರಿನಲ್ಲಿ. ಅದುವರೆಗೆ ಆದವಾನಿಗೂ ಬಳ್ಳಾರಿಗೂ ಜಿಲ್ಲೆ ಒಂದೇ, ಜಿಲ್ಲಾ ಬೋರ್ಡು ಒಂದೇ. ಆಮೇಲೆ ಜಿಲ್ಲಾ ಪಂದ್ಯವೆಂದರೆ ಕರ್ನೂಲು. 1954ರಲ್ಲಿ ತಿರುಪತಿಯಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ ಕಾಲೇಜು ಹುಡುಗರಿಗೆ ಅಂತರ ಕಾಲೇಜು ಪಂದ್ಯದ ದಾರಿ ಆ ಕಡೆಗೆ ತಿರುಗಿತು. ಬಳ್ಳಾರಿಯ ಮಾವನ ಮಗ ಒಂದು ವಿಶ್ವವಿದ್ಯಾನಿಲಯದ ಬನಿಯನ್ನು ತೊಟ್ಟ, ಆದವಾನಿಯ ಅತ್ತೆಯ ಮಗ ಇನ್ನೊಂದರದನ್ನು. ಇದರಿಂದ ನಷ್ಟವಷ್ಟೇ ಆಯಿತೆಂದು ನಾವು ಹೇಳಲಾರೆವು. ಹೈದರಾಬಾದ್ ಪೊಲೀಸ್ ತಂಡ ಸೈಯದ್ ಅಬ್ದುಲ್ ರಹೀಮರ ಕೈಯಲ್ಲಿ ಪಳಗಿ 1950ರಿಂದ 1954ರವರೆಗೆ ಐದು ವರ್ಷ ರೋವರ್ಸ್ ಕಪ್ಪನ್ನು ಬಿಡದೆ ಗೆದ್ದಿತ್ತು. 1956ರಲ್ಲಿ ಆಂಧ್ರ ಪ್ರದೇಶವಾದಾಗ ಹೈದರಾಬಾದಿನ ಆ ಹೆಮ್ಮೆಯಲ್ಲಿ ನಮಗೂ ಪಾಲು ಸಿಕ್ಕಿತು. ಅದೇ ವರ್ಷ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡಕ್ಕೆ ತರಬೇತಿ ಕೊಟ್ಟವರು ರಹೀಮರು. ಆ ತಂಡದಲ್ಲಿ ಆಡಿದವರಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಒಬ್ಬರು. ರೇಡಿಯೋ ಮುಂದೆ ಕುಳಿತ ಆದವಾನಿಯವನು ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ಆ ಸಲ ಯೋಚಿಸಬೇಕಾಗಿರಲಿಲ್ಲ.

ಆಟದ ಚರಿತ್ರೆ ಕಪ್ಪುಗಳ ಪಟ್ಟಿಯಲ್ಲಿ ಮುಗಿಯುವುದಿಲ್ಲವಾದ್ದರಿಂದ ಸಂಘದ ಮನೆಗಳಲ್ಲಿ ಒಂದು ಕೋರಿಕೆ. ಅಜ್ಜನ ಕಾಲದ ಟ್ರಂಕುಗಳಲ್ಲಿ, ದೇವರ ಕೋಣೆಯ ಪಕ್ಕದ ಗೋಡೆಯ ಮೇಲೆ, ಶಾಲೆಯ ತಂಡದ ಹಳೆಯ ಪಟವಿದ್ದರೆ ದಯವಿಟ್ಟು ಸಂಘಕ್ಕೆ ತಂದು ತೋರಿಸಿ. ಪ್ರತಿ ತೆಗೆದುಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. ಅಂಥ ಪಟಗಳ ರೀತಿ ಎಲ್ಲರಿಗೂ ತಿಳಿದದ್ದೇ: ನಡುವೆ ಕುರ್ಚಿಯಲ್ಲಿ ಹೆಡ್‌ಮಾಸ್ತರರು, ಪಕ್ಕದಲ್ಲಿ ಡ್ರಿಲ್ ಮಾಸ್ತರರು, ಹಿಂದೆ ಕೈಕಟ್ಟಿ ನಿಂತ ಹುಡುಗರು, ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಇಬ್ಬರ ನಡುವೆ ಚೆಂಡು, ಚೆಂಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಸವಿ. ಮೊದಲು ಆ ಇಸವಿಯನ್ನು ಓದಿರಿ. 1953ಕ್ಕಿಂತ ಹಿಂದಿನದಾದರೆ, ಆ ಹುಡುಗರು ಬಳ್ಳಾರಿ ಜಿಲ್ಲೆಯ ಹುಡುಗರು.